ಬಿಪಿ ಸರಿಯಿದೆ ಅಂತಾರೆ, ಅಪ್ಪನ ಕೈ ಮಾತ್ರ ತಣ್ಣಗಿದೆ

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಹದಿನೈದು ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ಮೂತ್ರದ ಸೋಂಕು ರಕ್ತಕ್ಕೆ ಹರಡಿದೆ ಎಂದು ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುಗೆ ಸೇರಿಸಿದ್ದೇವೆ. ಬಿಪಿ ಬಿದ್ದುಹೋಗಿತ್ತು. ಈಗ ಸಿರಿಂಜ್ ಪಂಪಿನಲ್ಲಿ ನಾರ್‌ಅಡ್ರಿನಲಿನ್ ಕೊಡುತ್ತಿದ್ದಾರೆ. ಮಾಸ್ಕ್‌ನಲ್ಲಿ ಆಕ್ಸಿಜನ್ ಇದೆ, ಮಂಪರಿನಲ್ಲಿದ್ದಾರೆ. ಮಾನಿಟರಿನಲ್ಲಿ ಬಿಪಿ 112/58 ಬರುತ್ತಿದೆ. ಆದರೆ ಕೈಕಾಲು ತಣ್ಣಗಿವೆ, ಮಂಡಿಯ ಸುತ್ತ ನೇರಳೆ ಕಲೆಗಳಿವೆ. ಡಾಕ್ಟರ್ ಅರ್ಧ ಗಂಟೆಗೊಮ್ಮೆ ಬಂದು ಗಾಜಿನ ತುಂಡಿನಿಂದ ಬೆರಳು ಒತ್ತಿ, ಗಡಿಯಾರ ನೋಡಿ ಬರೆದುಕೊಂಡು ಹೋಗುತ್ತಾರೆ. ಬೆಳಗ್ಗೆ 6 ಸೆಕೆಂಡ್, ಸಂಜೆ 5 ಎಂದು ಬರೆದಿತ್ತು. ಇಷ್ಟು ದುಡ್ಡು ಕಟ್ಟಿಸಿಕೊಂಡು ಮಾಡುವ ಪರೀಕ್ಷೆ ಇದೇನಾ? ಅಮೆರಿಕದಲ್ಲಿರುವ ನನ್ನ ತಮ್ಮ, ನಾಲಿಗೆಯ ಕೆಳಗೆ ಕ್ಯಾಮೆರಾ ಇಟ್ಟು ಸಣ್ಣ ರಕ್ತನಾಳಗಳನ್ನೇ ನೋಡುವ ಮೆಷಿನ್ ಇದೆ, ಅದಿರುವ ಕಡೆ ಶಿಫ್ಟ್ ಮಾಡಿ ಎನ್ನುತ್ತಾನೆ. ಬೆರಳಿನ ಕ್ಲಿಪ್ಪಿನಲ್ಲಿ ಆಕ್ಸಿಜನ್ 97, ಅದರ ಪಕ್ಕ ಪಿಐ 0.4 ಎಂದಿದೆ. ಏನದು? ಕಾಲಿಗೆ ಬಿಸಿ ನೀರಿನ ಬ್ಯಾಗ್ ಇಡಬಹುದೇ? ಎರಡು ಬೆರಳಿನ ತುದಿ ಕಪ್ಪಾಗುತ್ತಿದೆ. ಬಿಪಿ ಏರಿಸುವ ಔಷಧಿಯಿಂದಲೇ ಹೀಗೆ, ನಿಲ್ಲಿಸಲು ಹೇಳಿ ಎಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಬನಶಂಕರಿ

ಉತ್ತರ: ನಿಮ್ಮ ಮೇಲ್ ನೋಡಿದ ಕೂಡಲೇ ಎರಡು ಸಾಲು ಬರೆದು ಕಳಿಸಿದ್ದೆ. ಕ್ಯಾಮೆರಾಗೋಸ್ಕರ ಶಿಫ್ಟ್ ಬೇಡ, ಬಿಸಿ ನೀರಿನ ಬ್ಯಾಗ್ ಬೇಡ. ಯಾಕೆ ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತವರು ಇವೇ ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತಾರೆ. ನಿಮ್ಮ ತಂದೆಯನ್ನು ನಾನು ನೋಡಿಲ್ಲ. ಹಾಗಾಗಿ ನಾನು ಬರೆದದ್ದಕ್ಕೂ ಅವರ ಡಾಕ್ಟರ್ ಹೇಳುವುದಕ್ಕೂ ವ್ಯತ್ಯಾಸ ಬಂದರೆ ಅವರ ಮಾತನ್ನೇ ನಂಬಿ.

ನಿಮಗೆ ಕಾಡುತ್ತಿರುವುದು ಒಂದೇ ಗೊಂದಲ. ಮಾನಿಟರ್ ಚೆನ್ನಾಗಿದ್ದಾರೆ ಎನ್ನುತ್ತಿದೆ, ಮೈ ಮುಟ್ಟಿದರೆ ಹಾಗೆ ಅನ್ನಿಸುತ್ತಿಲ್ಲ. ಎರಡರಲ್ಲಿ ಒಂದು ಸುಳ್ಳಿರಬೇಕು ಅಂತ ನಿಮ್ಮ ಲೆಕ್ಕ, ಅಲ್ವಾ? ಎರಡೂ ನಿಜವೇ. ಅವು ಬೇರೆ ಬೇರೆ ಜಾಗದ ಸುದ್ದಿ ಹೇಳುತ್ತಿವೆ.

ಬಿಪಿ ಎಂದರೆ ದೊಡ್ಡ ರಕ್ತನಾಳದ ಒತ್ತಡ. ಆದರೆ ಜೀವಕೋಶಕ್ಕೆ ಆಕ್ಸಿಜನ್ ಸೇರುವುದು ಅಲ್ಲಲ್ಲ. ಅದು ನಡೆಯುವುದು ಶಾಲೆಯಲ್ಲಿ ಲೋಮನಾಳ ಎಂದು ಓದಿದ ಕ್ಯಾಪಿಲರಿಗಳಲ್ಲಿ. ಅವುಗಳ ಅಗಲ ಹೆಚ್ಚುಕಡಿಮೆ 5ರಿಂದ 10 ಮೈಕ್ರಾನ್. ಕೆಂಪು ರಕ್ತಕಣವೇ 7-8 ಮೈಕ್ರಾನ್ ಇರುತ್ತದೆ. ಎಷ್ಟೋ ಕಡೆ ಕಣ ತನ್ನ ಮೈ ಮಡಚಿಕೊಂಡು, ಒಂದರ ಹಿಂದೆ ಒಂದರಂತೆ ನುಸುಳಿ ಹೋಗಬೇಕು. ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಪೂರ್ತಿ ಒತ್ತಡದಲ್ಲಿ ಪಂಪ್ ಮಾಡುತ್ತಿರಬಹುದು. ನಿಮ್ಮ ಬೀದಿಯ ಕೊನೆ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಪಂಪ್‌ಹೌಸಿನ ಮೀಟರ್ ನೋಡಿ ಅದಕ್ಕೆ ಉತ್ತರ ಹೇಳಲಾಗದು.

ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿಗೆ ದೇಹ ಹತೋಟಿ ತಪ್ಪಿ ಪ್ರತಿಕ್ರಿಯಿಸಿದಾಗ, ಕೆಡುವುದು ಈ ಕೊನೆಯ ಹಂತವೇ. ಕ್ಯಾಪಿಲರಿಯ ಒಳಮೈಯ ತೆಳುವಾದ ಲೇಪ ಕಿತ್ತುಹೋಗುತ್ತದೆ. ಒಳಗೋಡೆ ಊದಿಕೊಳ್ಳುತ್ತದೆ, ಸೋರುತ್ತದೆ. ಬಿಳಿ ರಕ್ತಕಣಗಳು ಗೋಡೆಗೆ ಅಂಟುತ್ತವೆ. ಅಲ್ಲಲ್ಲಿ ಪುಟ್ಟ ಹೆಪ್ಪುಗಳು ಕಟ್ಟುತ್ತವೆ. ಕೆಂಪು ಕಣಗಳೂ ಗಡುಸಾಗಿ, ಮೊದಲಿನ ಹಾಗೆ ಮಡಚಿಕೊಳ್ಳುವುದಿಲ್ಲ. ಇದರಿಂದ ಒಂದು ಕ್ಯಾಪಿಲರಿಯಲ್ಲಿ ರಕ್ತ ನಿಂತೇ ಹೋಗಿರುತ್ತದೆ, ಪಕ್ಕದ್ದರಲ್ಲಿ ಜೋರಾಗಿ ಓಡುತ್ತಿರುತ್ತದೆ. ಓಡುವ ರಕ್ತ ಆಕ್ಸಿಜನ್ ಇಳಿಸದೆ ವಾಪಸ್ ಹೊರಡುತ್ತದೆ. ನಿಂತ ಕಡೆಯ ಜೀವಕೋಶ ಉಸಿರುಗಟ್ಟುತ್ತದೆ. 2002ರಲ್ಲಿ ಬೆಲ್ಜಿಯಂನ ವೈದ್ಯರು ಸೆಪ್ಸಿಸ್ ರೋಗಿಗಳ ನಾಲಿಗೆಯ ಅಡಿಯಲ್ಲಿ ಇದನ್ನು ಕಣ್ಣಾರೆ ನೋಡಿದರು. ರಕ್ತ ಓಡುವ ಸಣ್ಣ ನಾಳಗಳು ಆರೋಗ್ಯವಂತರಿಗಿಂತ ಕಡಿಮೆ ಇದ್ದವು. ಬದುಕದೆ ಹೋದವರಲ್ಲಿ ಇನ್ನೂ ಕಡಿಮೆ. ಎರಡು ವರ್ಷದ ನಂತರ ಅದೇ ತಂಡ ದಿನದಿನವೂ ನೋಡಿ ಇನ್ನೊಂದು ಮಾತು ಹೇಳಿತು. ಬದುಕಿದವರಲ್ಲಿ ಈ ಹರಿವು ಬೇಗ ಸುಧಾರಿಸಿತ್ತು, ಉಳಿದವರಲ್ಲಿ ಸುಧಾರಿಸಿರಲಿಲ್ಲ.

ನಾರ್‌ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿ ಮಾಡಿ ಬಿಪಿ ಏರಿಸುತ್ತದೆ. ನಿಮ್ಮ ತಂದೆಯ ಸರಾಸರಿ ಬಿಪಿ 76ರ ಹತ್ತಿರ ಬರುತ್ತದೆ. ಮಾನಿಟರಿನಲ್ಲಿ ದೊಡ್ಡ ಅಂಕಿಗಳ ಪಕ್ಕ ಆವರಣದಲ್ಲಿರುತ್ತದಲ್ಲ, ಅದು. ಸಾಮಾನ್ಯವಾಗಿ ನಾವು 65 ದಾಟಿಸಲು ನೋಡುತ್ತೇವೆ. ಅಂದರೆ ಅವರ ಡಾಕ್ಟರ್ ಮೊದಲ ಕೆಲಸ ಮಾಡಿದ್ದಾರೆ. ಈಗ ಕೊನೆ ಮನೆಗೆ ನೀರು ತಲುಪಿತೇ ಎಂದು ನೋಡುತ್ತಿದ್ದಾರೆ. ಅರ್ಧ ಗಂಟೆಗೊಮ್ಮೆ ಬೆರಳು ಒತ್ತುವುದು ಅದಕ್ಕೇ.

ಈಗ ಆ ಗಾಜಿನ ತುಂಡಿನ ವಿಷಯ. ಅದು ಲ್ಯಾಬಿನಲ್ಲಿ ಬಳಸುವ ಸಾದಾ ಸ್ಲೈಡ್, ಬೆಲೆ ಕೆಲವೇ ರೂಪಾಯಿ. ಪರೀಕ್ಷೆಯ ಹೆಸರು ಕ್ಯಾಪಿಲರಿ ರೀಫಿಲ್ ಟೈಮ್, ನಮ್ಮ ಬಾಯಲ್ಲಿ ಸಿಆರ್‌ಟಿ. ತೋರುಬೆರಳ ತುದಿಯ ಒಳಮೈಯನ್ನು ಬಿಳಿಚುವವರೆಗೆ ಒತ್ತಿ 10 ಸೆಕೆಂಡ್ ಹಿಡಿಯುತ್ತಾರೆ. ಬಿಟ್ಟ ಮೇಲೆ ಮೊದಲಿನ ಬಣ್ಣ ವಾಪಸ್ ಬರಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಎಣಿಸುತ್ತಾರೆ. ಇದು ಹೊಸದೇನಲ್ಲ. ಎರಡನೇ ಮಹಾಯುದ್ಧದ ಗಾಯಾಳುಗಳನ್ನು ನೋಡುವಾಗಲೇ ಅಮೆರಿಕದ ವೈದ್ಯರು ಇದನ್ನು ಗಮನಿಸಿ ಬರೆದಿಟ್ಟಿದ್ದರು. ಆಮೇಲೆ ಮಾನಿಟರುಗಳು ಬಂದವು, ನಾಳದೊಳಗೆ ತೂರಿಸುವ ಕೊಳವೆಗಳು ಬಂದವು. ಬೆರಳು ಒತ್ತುವುದು ಹಳೇ ಕಾಲದವರ ಅಭ್ಯಾಸ ಎಂದು ಮೂಲೆಗೆ ಸೇರಿತು.

ಅದನ್ನು ಮತ್ತೆ ಮುಂದಕ್ಕೆ ತಂದದ್ದು ದಕ್ಷಿಣ ಅಮೆರಿಕದವರು. ಚಿಲಿಯ ವೈದ್ಯರ ಮುಂದಾಳತ್ವದಲ್ಲಿ ಐದು ದೇಶಗಳ 28 ಐಸಿಯುಗಳಲ್ಲಿ, ಸೆಪ್ಟಿಕ್ ಶಾಕ್, ಅಂದರೆ ಸೆಪ್ಸಿಸ್‌ನಿಂದ ಬಿಪಿ ಕುಸಿದಿದ್ದ 424 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಆಂಡ್ರೊಮೆಡಾ ಶಾಕ್ ಎಂದು ಅದರ ಹೆಸರು, 2019ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ, ಜೀವಕೋಶಕ್ಕೆ ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಎಂಬ ಅಂಶವನ್ನು ಇಳಿಸುವುದನ್ನು ಗುರಿಯಾಗಿ ಇಟ್ಟುಕೊಂಡು ಚಿಕಿತ್ಸೆ ಕೊಟ್ಟರು. ಇನ್ನರ್ಧ ಜನರಿಗೆ ಬೆರಳಿನ ಬಣ್ಣ 3 ಸೆಕೆಂಡಿನೊಳಗೆ ವಾಪಸ್ ಬರುವುದೇ ಗುರಿ. ಬಣ್ಣ ಸರಿಹೋಗುವವರೆಗೆ ಅರ್ಧ ಗಂಟೆಗೊಮ್ಮೆ ನೋಡುವುದು. ನಿಮ್ಮ ತಂದೆಯ ಐಸಿಯುನಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ಅದೇ. 28 ದಿನಗಳೊಳಗೆ ತೀರಿಕೊಂಡವರು ಬೆರಳಿನ ಗುಂಪಿನಲ್ಲಿ ನೂರಕ್ಕೆ 34.9, ಲ್ಯಾಕ್ಟೇಟ್ ಗುಂಪಿನಲ್ಲಿ 43.4. ಕೇಳಲು ದೊಡ್ಡ ವ್ಯತ್ಯಾಸ. ಆದರೆ ಅಂಕಿಅಂಶದ ಕಟ್ಟುನಿಟ್ಟಿನಲ್ಲಿ ಅದು ಕೂದಲೆಳೆಯಲ್ಲಿ ತಪ್ಪಿಹೋಯಿತು. ಹಾಗಾಗಿ ಬೆರಳು ಒತ್ತಿದರೆ ಜೀವ ಉಳಿಯುತ್ತದೆ ಎಂದು ನಾನು ಬರೆಯುವುದಿಲ್ಲ. ಕೋಟಿಗಟ್ಟಲೆ ಖರ್ಚಿಲ್ಲದ ಈ ಪರೀಕ್ಷೆ ರಕ್ತ ಪರೀಕ್ಷೆಗಿಂತ ಕಡಿಮೆಯೇನಲ್ಲ ಎಂದಂತೂ ಧೈರ್ಯವಾಗಿ ಹೇಳಬಹುದು. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯೂ ಉಳಿದ ಪರೀಕ್ಷೆಗಳ ಜೊತೆ ಇದನ್ನೂ ಬಳಸಿ ಎಂದು ಸೂಚಿಸಿತು. ಆಂಡ್ರೊಮೆಡಾ ಪ್ರಯೋಗದ ಎರಡನೇ ಸುತ್ತು ಇನ್ನೂ ದೊಡ್ಡದು, 2025ರಲ್ಲಿ ಹೊರಬಂತು. ಅದರಲ್ಲಿ ಬೆರಳಿನ ಗುಂಪನ್ನು ಮಾಮೂಲಿ ಚಿಕಿತ್ಸೆಯ ಗುಂಪಿಗೆ ಹೋಲಿಸಿದರು, ಸಾವಿನ ಲೆಕ್ಕ ಎರಡರಲ್ಲೂ ಒಂದೇ ಥರ ಇತ್ತು. ಆದರೆ ಬೆರಳು ನೋಡಿ ಚಿಕಿತ್ಸೆ ಪಡೆದವರಿಗೆ ಬಿಪಿ ಔಷಧಿ, ವೆಂಟಿಲೇಟರ್, ಡಯಾಲಿಸಿಸ್ ಇಂಥವುಗಳ ಆಸರೆ ಕಡಿಮೆ ದಿನ ಸಾಕಾಯಿತು.

ಲ್ಯಾಕ್ಟೇಟ್‌ಗಿಂತ ಬೆರಳು ಯಾಕೆ ಮೇಲಾಗಬಹುದು? ಲ್ಯಾಕ್ಟೇಟ್ ನಿಧಾನವಾಗಿ ಇಳಿಯುತ್ತದೆ. ಲಿವರ್ ಸೋತಿದ್ದರೆ, ಕೆಲವು ಔಷಧಿಗಳು ಓಡುತ್ತಿದ್ದರೆ, ರಕ್ತ ಚೆನ್ನಾಗಿ ಹರಿಯುತ್ತಿದ್ದರೂ ಅದು ಮೇಲೆಯೇ ಇರುತ್ತದೆ. ಅದನ್ನು ಇಳಿಸುತ್ತೇವೆ ಎಂದು ಸುಮ್ನೆ ಡ್ರಿಪ್ ಏರಿಸುತ್ತಾ ಹೋದರೆ ಆ ನೀರು ಶ್ವಾಸಕೋಶದಲ್ಲಿ ಸೇರುತ್ತದೆ. ಬೆರಳು ಹಾಗಲ್ಲ. ಹರಿವು ಸುಧಾರಿಸಿದರೆ ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ. ಇನ್ನು ಸಾಕು ಎಂದೂ ತಿಳಿಸುತ್ತದೆ. ನನ್ನ ಮಟ್ಟಿಗೆ ಈ ಎರಡನೆಯದೇ ಅದರ ದೊಡ್ಡ ಉಪಯೋಗ. ಐಸಿಯುನಲ್ಲಿ ಯಾವಾಗ ಶುರು ಮಾಡಬೇಕು ಎನ್ನುವುದಕ್ಕಿಂತ ಯಾವಾಗ ನಿಲ್ಲಿಸಬೇಕು ಎನ್ನುವುದು ಕಷ್ಟ.

ಇದಕ್ಕೂ ಕೊರತೆಗಳಿವೆ. ಐಸಿಯು ಎಸಿ ಜಾಸ್ತಿ ಇದ್ದರೆ ಆರೋಗ್ಯವಂತರ ಬೆರಳೂ ನಿಧಾನವಾಗುತ್ತದೆ. ಡಿಸೆಂಬರಿನಲ್ಲಿ ಬೆಳಗಿನ ಜಾವದ ಡ್ಯೂಟಿಯಲ್ಲಿ ನನ್ನ ಬೆರಳನ್ನೇ ಒತ್ತಿ ನೋಡಿದರೆ ಗಾಬರಿಯಾಗುವಷ್ಟು ಹೊತ್ತು ಹಿಡಿಯುತ್ತದೆ. ವಯಸ್ಸಿನ ಪಾತ್ರವೂ ಇದೆ. 1988ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರಲ್ಲೂ ಸಾಮಾನ್ಯದ ಮೇಲಿನ ಮಿತಿ 4.5 ಸೆಕೆಂಡಿನವರೆಗೆ ಹೋಗಿತ್ತು. ಮಂದ ಬೆಳಕಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಒಬ್ಬರು ಮೆಲ್ಲಗೆ, ಇನ್ನೊಬ್ಬರು ಜೋರಾಗಿ ಒತ್ತಿದರೂ ತಪ್ಪುತ್ತದೆ. ಗಾಜಿನ ಸ್ಲೈಡ್ ಬಳಸುವುದು ಇದಕ್ಕೇ. ಬೆರಳು ಪೂರ್ತಿ ಬಿಳಿಚಿತೇ ಎಂದು ಒತ್ತುವಾಗಲೇ ಗಾಜಿನ ಮೂಲಕ ಕಾಣುತ್ತದೆ. ಹಾಗಾಗಿ ಒಂದು ಸಲದ ಅಂಕಿಗೆ ಬೆಲೆ ಕಡಿಮೆ. ಬೆಳಗ್ಗೆ 6 ಇದ್ದದ್ದು ಸಂಜೆ 5 ಆಗಿದೆ ಎಂದಿರಿ. ಅದು ಒಳ್ಳೆಯ ದಿಕ್ಕು, ಆದರೆ ನಿಧಾನ. ಮೊದಲ ಕೆಲವು ಗಂಟೆಗಳಲ್ಲೇ 3ಕ್ಕೆ ಇಳಿದಿದ್ದರೆ ನನಗೆ ಇನ್ನೂ ಸಮಾಧಾನವಾಗುತ್ತಿತ್ತು.

ಮಂಡಿಯ ಮೇಲಿನ ನೇರಳೆ ಕಲೆಯನ್ನೂ ಡಾಕ್ಟರಿಗೆ ತೋರಿಸಿ. ಪ್ಯಾರಿಸ್ಸಿನ ವೈದ್ಯರು 2011ರಲ್ಲಿ ಇದಕ್ಕೆ 0ಯಿಂದ 5ರವರೆಗಿನ ಅಂಕ ಕೊಟ್ಟರು. ಮಂಡಿಚಿಪ್ಪಿನ ಮೇಲೆ ಚಿಕ್ಕದಾಗಿದ್ದರೆ 1, ತೊಡೆಸಂದು ದಾಟಿದರೆ 5. ಕಲೆ ಹರಡಿದಷ್ಟೂ ಅಪಾಯ ಜಾಸ್ತಿ. ನಮ್ಮ ಮೈಬಣ್ಣದಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ನಿಮಗೆ ಕಂಡಿದೆ ಎಂದರೆ ಕಡೆಗಣಿಸುವಂಥದ್ದಲ್ಲ. ಅಂಚು ಮೇಲಕ್ಕೆ ಹೋಗುತ್ತಿದೆಯೋ ಕೆಳಗೆ ಇಳಿಯುತ್ತಿದೆಯೋ ನೋಡಿಕೊಳ್ಳಿ. ಮನೆಯವರ ಕಣ್ಣಿಗೆ ಈ ಬದಲಾವಣೆ ಬೇಗ ಸಿಗುತ್ತದೆ.

ಪಿಐ ಬಗ್ಗೆ ಕೇಳಿದ್ದೀರಿ. ಕೋವಿಡ್ ಸಮಯದಲ್ಲಿ ಬೆಂಗಳೂರಿನ ಮನೆಮನೆಗೂ ಬಂದ ಅದೇ ಕ್ಲಿಪ್, ಪಲ್ಸ್ ಆಕ್ಸಿಮೀಟರ್. ಬೆರಳಿನ ಮೂಲಕ ಕೆಂಪು ಮತ್ತು ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನು ಹಾಯಿಸಿ ಆಕ್ಸಿಜನ್ ಲೆಕ್ಕ ಹಾಕುತ್ತದೆ. ಪ್ರತಿ ಬಡಿತಕ್ಕೂ ಬೆರಳಿಗೆ ನುಗ್ಗುವ ರಕ್ತ ಎಷ್ಟು, ಸುಮ್ಮನೆ ನಿಂತಿರುವುದಕ್ಕೆ ಹೋಲಿಸಿದರೆ ಅದು ನೂರಕ್ಕೆ ಎಷ್ಟು ಎನ್ನುವುದೇ ಪಿಐ, ಅಂದರೆ ಪರ್ಫ್ಯೂಷನ್ ಇಂಡೆಕ್ಸ್. ಐಸಿಯು ರೋಗಿಗಳಲ್ಲಿ 1.4ಕ್ಕಿಂತ ಕೆಳಗಿದ್ದರೆ ಬೆರಳಿನ ಕಡೆ ಹರಿವು ಕಡಿಮೆ ಎಂದು ಒಂದು ಹಳೆಯ ಅಧ್ಯಯನ ಹೇಳಿತ್ತು. ನಿಮ್ಮ ತಂದೆಯದು 0.4, ಕಡಿಮೆಯೇ. ಆದರೆ ಇದು ಆರೋಗ್ಯವಂತರಲ್ಲೂ ಒಬ್ಬರಿಗೊಬ್ಬರಿಗೆ ತುಂಬ ಬೇರೆ ಇರುತ್ತದೆ. ಬಿಗಿಯಾದ ಕ್ಲಿಪ್, ತಣ್ಣನೆ ಬೆರಳು, ನಾರ್‌ಅಡ್ರಿನಲಿನ್, ಎಲ್ಲವೂ ಇದನ್ನು ಇಳಿಸುತ್ತವೆ. ಇಲ್ಲೂ ಏರಿಳಿತವನ್ನೇ ನೋಡಿ.

ನಾನು ಹೇಳಬೇಕೆಂದಿರುವುದು ಅದರ ಪಕ್ಕದ 97ರ ಬಗ್ಗೆ. ಪಿಐ ಇಷ್ಟು ಕೆಳಗಿದ್ದಾಗ ಆಕ್ಸಿಜನ್ ಅಂಕಿಯನ್ನು ಪೂರ್ತಿ ನಂಬಬಾರದು. ಯಂತ್ರಕ್ಕೆ ಬಡಿತವೇ ಸರಿಯಾಗಿ ಸಿಗುತ್ತಿರುವುದಿಲ್ಲ. ಜೊತೆಗೆ ಈ ಕ್ಲಿಪ್ಪುಗಳು ಕಪ್ಪು ಚರ್ಮದವರಲ್ಲಿ ಆಕ್ಸಿಜನ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ ಎಂದು 2020ರಲ್ಲಿ ಅಮೆರಿಕದ ವೈದ್ಯರು ದಾಖಲೆ ಸಮೇತ ಬರೆದರು. ನಮಗೂ ಅದು ಪಾಠವೇ. ಅನುಮಾನ ಬಂದಾಗ ರಕ್ತ ತೆಗೆದು ಅದರಲ್ಲಿರುವ ಆಕ್ಸಿಜನ್ನನ್ನೇ ಅಳೆಯುವ ಬ್ಲಡ್ ಗ್ಯಾಸ್ ಪರೀಕ್ಷೆ ನೋಡುವುದೇ ದಾರಿ. ಮಾಡಿದ್ದೀರಾ ಎಂದು ಕೇಳಿ. ಐಸಿಯುನಲ್ಲಿ ಅದು ದಿನನಿತ್ಯದ ಪರೀಕ್ಷೆ, ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಂಗೈಯ ಹೆಬ್ಬೆರಳ ಬುಡದಲ್ಲಿ ಸೆನ್ಸರ್ ಅಂಟಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ ಕೆಲವು ನಿಮಿಷ ರಕ್ತ ತಡೆದು, ಬಿಟ್ಟಾಗ ಆಕ್ಸಿಜನ್ ಎಷ್ಟು ಬೇಗ ಏರುತ್ತದೆ ಎಂದು ನೋಡುವ ಪರೀಕ್ಷೆಯೂ ಇದೆ. ಚರ್ಮದ ಮೇಲೆ ಲೇಸರ್ ಬೆಳಕು ಬಿಟ್ಟು ಹರಿವು ಅಳೆಯುವುದೂ ಇದೆ. ಎರಡೂ ಹೆಚ್ಚಾಗಿ ಸಂಶೋಧನೆಗೆ ಸೀಮಿತ.

ನಿಮ್ಮ ತಮ್ಮ ಹೇಳಿದ ಕ್ಯಾಮೆರಾ ನಿಜ. 1999ರಿಂದ ಇದೆ, ಮೂರು ತಲೆಮಾರು ದಾಟಿ ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಹಸಿರು ಬೆಳಕನ್ನು ನಾಲಿಗೆಯಡಿಯ ತೆಳು ಪದರದ ಮೇಲೆ ಬಿಡುತ್ತಾರೆ. ಹಿಮೋಗ್ಲೋಬಿನ್ ಆ ಬೆಳಕನ್ನು ಹೀರುವುದರಿಂದ ಕೆಂಪು ಕಣಗಳು ಕಪ್ಪಗೆ ಕಾಣುತ್ತವೆ. ಒಂದೊಂದು ಕಣವೂ ಓಡುವುದು ತೆರೆಯ ಮೇಲೆ ಕಾಣುತ್ತದೆ. ಮೊದಲ ಸಲ ನೋಡುವವರು ಕಣ್ಣು ಕೀಳುವುದಿಲ್ಲ, ಅಷ್ಟು ಚೆಂದ. ಮೇಲೆ ಹೇಳಿದ 2002ರ ಕೆಲಸ ನಡೆದದ್ದೂ ಇಂಥದೇ ಉಪಕರಣದಿಂದ. ಸೆಪ್ಸಿಸ್ ಬಗ್ಗೆ ನಾವು ಇವತ್ತು ಅರಿತಿರುವುದರಲ್ಲಿ ದೊಡ್ಡ ಪಾಲು ಅಲ್ಲಿಂದ ಬಂದಿದೆ.

ಆದರೂ ಯಾಕೆ ಬೇಡ ಎನ್ನುತ್ತೇನೆ? ಮೊದಲನೆಯದು, ಚಿತ್ರ ತೆಗೆಯುವುದೇ ಕಷ್ಟ. ಸ್ವಲ್ಪ ಜಾಸ್ತಿ ಒತ್ತಿದರೆ ಕ್ಯಾಮೆರಾವೇ ನಾಳವನ್ನು ಅದುಮಿ, ಇಲ್ಲದ ರೋಗವನ್ನು ತೋರಿಸುತ್ತದೆ. ಎಂಜಲು, ರಕ್ತ ಅಡ್ಡ ಬರುತ್ತವೆ. ಬೇರೆ ಬೇರೆ ಜಾಗದಲ್ಲಿ ಮತ್ತೆ ಮತ್ತೆ ವಿಡಿಯೋ ತೆಗೆಯಬೇಕು. ಮಂಪರಿನಲ್ಲಿ ಮಾಸ್ಕ್ ಹಾಕಿಕೊಂಡಿರುವ ನಿಮ್ಮ ತಂದೆ ಬಾಯಿ ತೆರೆದು ಅಲುಗದೆ ಇರಬೇಕಲ್ಲ? ಅದಕ್ಕಾಗಿ ಮಾಸ್ಕ್ ತೆಗೆದರೆ ಆಕ್ಸಿಜನ್ ಬೀಳುತ್ತದೆ. ಎರಡನೆಯದು, ನಾಲಿಗೆಯಡಿಯಲ್ಲಿ ಹರಿವು ಚೆನ್ನಾಗಿದ್ದ ಮಾತ್ರಕ್ಕೆ ಕಿಡ್ನಿಯಲ್ಲೂ ಕರುಳಲ್ಲೂ ಚೆನ್ನಾಗಿದೆ ಎನ್ನಲಾಗದು. ಇವೆಲ್ಲ ಹೋಗಲಿ, ದೊಡ್ಡ ಕಾರಣ ಇನ್ನೊಂದಿದೆ. ನಾಳಗಳಲ್ಲಿ ರಕ್ತ ನಿಂತಿದೆ ಎಂದು ಕಣ್ಣಾರೆ ಕಂಡ ಮೇಲೆ ಮಾಡುವುದೇನು? ನಾಳಗಳನ್ನು ಹಿಗ್ಗಿಸುವ ನೈಟ್ರೋಗ್ಲಿಸರಿನ್ ಕೊಟ್ಟು ನೋಡಿದ ಪ್ರಯೋಗ 2010ರಲ್ಲಿ ಬಂತು, ಹರಿವಿನಲ್ಲಿ ಲಾಭ ಕಾಣಲಿಲ್ಲ. ಕ್ಯಾಮೆರಾದ ಫಲಿತಾಂಶವನ್ನು ಚಿಕಿತ್ಸೆ ಕೊಡುವ ಡಾಕ್ಟರಿಗೆ ತೋರಿಸಿ ಎಂಬ ಪ್ರಯೋಗವೂ ಇತ್ತೀಚೆಗೆ ಯುರೋಪಿನಲ್ಲಿ ನಡೆಯಿತು. ಅದರಿಂದ ಬದುಕಿದವರ ಸಂಖ್ಯೆ ಹೆಚ್ಚಲಿಲ್ಲ. ಸದ್ಯಕ್ಕೆ ಆ ಕ್ಯಾಮೆರಾ ಕೊಡುವ ಉತ್ತರಕ್ಕೆ ನಮ್ಮ ಕೈಯಲ್ಲಿ ಬೇರೆ ಔಷಧಿ ಇಲ್ಲ. ಬೆರಳು ನಿಧಾನ ಎಂದಾಗ ಮಾಡುವುದನ್ನೇ ಆಗಲೂ ಮಾಡುತ್ತೇವೆ.

ಶಿಫ್ಟ್ ಮಾಡುವುದರ ಅಪಾಯವನ್ನು ಇದರ ಎದುರಿಗೆ ಇಟ್ಟು ನೋಡಿ. ನಾರ್‌ಅಡ್ರಿನಲಿನ್ ಮೇಲಿರುವವರಿಗೆ ಪಂಪ್ ಒಂದು ನಿಮಿಷ ನಿಂತರೂ ಬಿಪಿ ಕುಸಿಯುತ್ತದೆ. ಸ್ಟ್ರೆಚರ್ ಬದಲಾಯಿಸುವಾಗ ಲೈನ್ ಕಳಚಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಂಬ್ಯುಲೆನ್ಸ್ ಸಿಕ್ಕಿಕೊಂಡರೆ ಏನು ಗತಿ ಎನ್ನುವುದನ್ನು ನಿಮಗೆ ನಾನು ಹೇಳಬೇಕಿಲ್ಲ. ಶಿಫ್ಟ್ ಮಾಡಲೇಬೇಕಾದ ಸಂದರ್ಭಗಳೂ ಇವೆ. ಈಗಿರುವ ಕಡೆ ಡಯಾಲಿಸಿಸ್ ಇಲ್ಲ, ರಾತ್ರಿ ಐಸಿಯು ಡಾಕ್ಟರ್ ಇರುವುದಿಲ್ಲ, ಕಿಡ್ನಿಯ ಅಡ್ಡಿ ತೆಗೆಯಲು ಯೂರಾಲಜಿಸ್ಟ್ ಇಲ್ಲ ಎಂದರೆ ಆ ಅಪಾಯ ತೆಗೆದುಕೊಳ್ಳಬಹುದು.

ಆ ಕೊನೆಯ ಮಾತಿಗೆ ಬಂದೆ, ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಮೇಲ್‌ನಲ್ಲಿ ಬೆರಳು, ಕ್ಲಿಪ್, ಕ್ಯಾಮೆರಾ ಎಲ್ಲ ಇದೆ, ಕಿಡ್ನಿಯ ಸ್ಕ್ಯಾನ್ ವಿಷಯವೇ ಇಲ್ಲ. ಶುಗರ್ ಇರುವವರಿಗೆ ಮೂತ್ರದ ಸೋಂಕಿನಿಂದ ಸೆಪ್ಸಿಸ್ ಆದಾಗ ಕಲ್ಲು ಅಡ್ಡ ಕೂತಿದೆಯೇ, ಕಿಡ್ನಿಯಲ್ಲಿ ಕೀವು ನಿಂತಿದೆಯೇ ಎಂದು ನೋಡಲೇಬೇಕು. ನಿಂತಿದ್ದರೆ ಸ್ಟೆಂಟ್ ಹಾಕಿಯೋ ಬೆನ್ನಿನ ಕಡೆಯಿಂದ ಕೊಳವೆ ಹಾಕಿಯೋ ಅದನ್ನು ಹೊರಗೆ ಬಿಡಬೇಕು. ಕೀವು ಒಳಗೇ ಇದ್ದರೆ ಯಾವ ಆಂಟಿಬಯಾಟಿಕ್‌ಗೂ ಸೋಂಕು ಪೂರ್ತಿ ಬಗ್ಗುವುದಿಲ್ಲ, ಬೆರಳೂ ಬಿಸಿಯಾಗುವುದಿಲ್ಲ. ಡಾಕ್ಟರ್ ಸಿಕ್ಕಾಗ ಮೊದಲು ಇದನ್ನೇ ಕೇಳಿ: ಅಲ್ಟ್ರಾಸೌಂಡ್ ಅಥವಾ ಸಿಟಿ ಆಗಿದೆಯೇ, ಅಡ್ಡಿ ಇದೆಯೇ?

ಅದು ಸರಿಯಿದ್ದೂ ಬೆರಳು ನಿಧಾನವೇ ಉಳಿದರೆ ಡಾಕ್ಟರ ಮುಂದೆ ಕೆಲವು ದಾರಿಗಳಿವೆ. ಇನ್ನಷ್ಟು ಡ್ರಿಪ್ ಕೊಡುವುದು ಒಂದು. ಆದರೆ ಕೊಟ್ಟರೆ ಹೃದಯ ಅದನ್ನು ಬಳಸಿಕೊಳ್ಳುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು. ಎರಡೂ ಕಾಲನ್ನು ಎತ್ತಿ ಹಿಡಿದು ಹೃದಯ ಹೊರಹಾಕುವ ರಕ್ತ ಹೆಚ್ಚಿತೇ ಎಂದು ನೋಡುವುದು ಇದಕ್ಕೇ. ಹೆಚ್ಚದಿದ್ದರೆ ಡ್ರಿಪ್ ಬರೀ ಊತ ತರುತ್ತದೆ. ಇನ್ನೊಂದು ದಾರಿ, ಮೊದಲಿಂದ ಬಿಪಿ ಇದ್ದವರಲ್ಲಿ ಸರಾಸರಿ ಬಿಪಿಯನ್ನು 80ರ ಮೇಲೆ ಸ್ವಲ್ಪ ಹೊತ್ತು ಏರಿಸಿ ಬೆರಳು ಸುಧಾರಿಸಿತೇ ಎಂದು ನೋಡುವುದು. ನಿಮ್ಮ ತಂದೆಗೆ ಇದು ಹೊಂದಬಹುದು. ಸುಧಾರಿಸದಿದ್ದರೆ ಮತ್ತೆ ಇಳಿಸಬೇಕು. ಎಲ್ಲರಿಗೂ ಬಿಪಿ ಮೇಲಿಟ್ಟರೆ ಒಳ್ಳೆಯದು ಎನ್ನುವ ನಂಬಿಕೆಯನ್ನು ಫ್ರಾನ್ಸಿನಲ್ಲಿ 776 ರೋಗಿಗಳ ಮೇಲೆ ಪರೀಕ್ಷಿಸಿದರು, ಫಲಿತಾಂಶ 2014ರಲ್ಲಿ ಬಂತು. ಸಾವು ಕಡಿಮೆಯಾಗಲಿಲ್ಲ, ಹೃದಯದ ಬಡಿತ ತಪ್ಪುವುದು ಜಾಸ್ತಿಯಾಯಿತು. ಬಿಪಿ ಮೊದಲೇ ಇದ್ದವರಿಗೆ ಮಾತ್ರ ಡಯಾಲಿಸಿಸ್ ಅಗತ್ಯ ಕಡಿಮೆಯಾಯಿತು. ಮೂರನೆಯದು, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಹೃದಯ ಸೋತಂತೆ ಕಂಡರೆ ಅದಕ್ಕೆ ಬಲ ಕೊಡುವ ಡೊಬುಟಮಿನ್‌ನಂಥ ಔಷಧಿ. ಅದಕ್ಕೂ ಬಡಿತ ತಪ್ಪಿಸುವ ಗುಣವಿದೆ. ಇವುಗಳಲ್ಲಿ ಯಾವುದು, ಯಾವಾಗ ಎನ್ನುವುದನ್ನು ಮಂಚದ ಪಕ್ಕ ನಿಂತವರೇ ಹೇಳಬೇಕು.

ಮಳೆಗಾಲವಾದ್ದರಿಂದ ಬೇರೆ ಓದುಗರಿಗೂ ಒಂದು ಮಾತು. ಡೆಂಗಿಯಲ್ಲಿ ಕ್ಯಾಪಿಲರಿ ಗೋಡೆಯಿಂದ ರಕ್ತದ ನೀರಿನಂಶ ಸೋರುತ್ತದೆ. ಜ್ವರ ಬಿಟ್ಟ ಹೊತ್ತಿಗೇ ಇದು ಶುರುವಾಗುವುದು ಜಾಸ್ತಿ, ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಮೇಲಿನ ಬಿಪಿ ತುಂಬ ಹೊತ್ತು ಸರಿಯಾಗಿಯೇ ಇರುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ 20ಕ್ಕೆ ಇಳಿದಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಪ್ಲೇಟ್‌ಲೆಟ್ ರಿಪೋರ್ಟಿಗೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಬಿಸಿ ನೀರಿನ ಬ್ಯಾಗ್ ಯಾಕೆ ಬೇಡ? ಹದಿನೈದು ವರ್ಷದ ಶುಗರಿನಿಂದ ಪಾದದ ಸ್ಪರ್ಶ ಮಂದವಾಗಿರುತ್ತದೆ. ಮಂಪರಿನಲ್ಲಿ ಸುಡುತ್ತಿದೆ ಎಂದು ಹೇಳಲೂ ಆಗದು. ರಕ್ತ ಸರಿಯಾಗಿ ಬಾರದ ಚರ್ಮ ಸ್ವಲ್ಪ ಬಿಸಿಗೇ ಸುಟ್ಟು, ಆ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಬೆರಳನ್ನು ಹೊರಗಿನಿಂದ ಬಿಸಿ ಮಾಡಿದರೆ ಪರೀಕ್ಷೆಯೂ ಕೆಡುತ್ತದೆ, ಒಳಗೆ ಸರಿಹೋಗದೆ ಮೇಲೆ ಮಾತ್ರ ಸರಿ ಕಾಣುತ್ತದೆ. ಸಿಸ್ಟರನ್ನು ಕೇಳಿ ಕಂಬಳಿ ಹೊದಿಸಿ, ಸಡಿಲವಾದ ಸಾಕ್ಸ್ ಹಾಕಿ, ಅಷ್ಟು ಸಾಕು. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

ಕಪ್ಪಾದ ಬೆರಳಿನ ವಿಷಯದಲ್ಲಿ ನಿಮ್ಮ ದೊಡ್ಡಪ್ಪ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ. ನಾರ್‌ಅಡ್ರಿನಲಿನ್ ಬೆರಳ ತುದಿಯ ನಾಳಗಳನ್ನು ಬಿಗಿ ಮಾಡುತ್ತದೆ. ಆದರೆ ಶಾಕ್ ಕೂಡ ಅದನ್ನೇ ಮಾಡುತ್ತದೆ. ಸಣ್ಣ ನಾಳಗಳಲ್ಲಿ ಕಟ್ಟುವ ಹೆಪ್ಪು ಅದಕ್ಕೆ ಸೇರಿಕೊಳ್ಳುತ್ತದೆ. ಔಷಧಿ ಪೂರ್ತಿ ನಿಲ್ಲಿಸಿದರೆ ಬಿಪಿ ಬಿದ್ದು ಮಿದುಳು, ಹೃದಯ, ಕಿಡ್ನಿ ಸೋಲುತ್ತವೆ. ಬೆರಳಿಗೂ ರಕ್ತ ಬರುವುದಿಲ್ಲ. ಹಾಗಾಗಿ ನಿಲ್ಲಿಸಿ ಎನ್ನಬೇಡಿ. ಇಷ್ಟು ಡೋಸ್ ಇನ್ನೂ ಬೇಕೇ, ಸ್ವಲ್ಪ ಇಳಿಸಿ ನೋಡಲು ಸಾಧ್ಯವೇ ಎಂದು ಕೇಳಿ. ಕಪ್ಪಾಗುತ್ತಿರುವ ಬೆರಳುಗಳು ಒಂದೇ ಕೈಯಲ್ಲಿದ್ದು, ಅದೇ ಮಣಿಕಟ್ಟಿನಲ್ಲಿ ಬಿಪಿ ನೋಡುವ ಆರ್ಟೀರಿಯಲ್ ಲೈನ್ ಇದ್ದರೆ ಇವತ್ತೇ ತೋರಿಸಿ, ಅದನ್ನು ತೆಗೆದು ಬೇರೆ ಕಡೆ ಹಾಕಬೇಕಾಗಬಹುದು. ಕ್ಲಿಪ್ಪನ್ನೂ ಆ ಬೆರಳಿಗೆ ಹಾಕುವುದು ಬೇಡ.

ಬೆರಳು ಹೋಗುತ್ತದೆಯೇ ಎಂದು ಈಗಲೇ ಯಾರೂ ಹೇಳಲಾರರು. ಎಷ್ಟೋ ಸಲ ಮೇಲಿನ ಚರ್ಮವಷ್ಟೇ ಒಣಗಿ ಉದುರಿ, ಕೆಳಗೆ ಒಳ್ಳೆಯ ಚರ್ಮ ಕಾಣುತ್ತದೆ. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವಿನ ಗೆರೆ ಸ್ಪಷ್ಟವಾಗಲು ವಾರಗಳೇ ಹಿಡಿಯುತ್ತವೆ. ಹಸಿಯಾಗಿ, ವಾಸನೆ ಬಂದು, ಸೋಂಕು ತಗುಲದಿದ್ದರೆ ಅಲ್ಲಿಯವರೆಗೆ ಕತ್ತರಿಸುವ ಅವಸರ ಬೇಡ. ಒಣಗಿದಂತೆಯೇ ಇಟ್ಟು ಕಾಯುತ್ತಾರೆ. ವಾರ್ಡಿಗೆ ಬಂದ ಮೇಲೆ ಒಮ್ಮೆ ವ್ಯಾಸ್ಕುಲರ್ ಸರ್ಜನ್‌ಗೆ, ಅಂದರೆ ರಕ್ತನಾಳದ ಸರ್ಜನ್‌ಗೆ ತೋರಿಸಿ.